ಬೆಚ್ಚಗಿನ ಡ್ರಮ್ಮು

ನಮ್ಮಪ್ಪ ಪುಟ್ಟಣ್ಣ ಸಹಕಾರನಗರದ ಪಾರ್ಕಿನ ಮೂಲೆಯಲ್ಲಿ ಇಪ್ಪತ್ತಾರು ವರ್ಷ ಬೋಂಡ, ಬಜ್ಜಿ ಕರಿದವರು. ಸಂಜೆ ನಾಲ್ಕಕ್ಕೆ ಒಲೆ ಹಚ್ಚಿದರೆ ಎಂಟಕ್ಕೆ ಆರಿಸುವುದು. ಇವತ್ತು ಕರಿದ ಎಣ್ಣೆಯನ್ನು ನಾಳೆ ಬಾಣಲೆಗೆ ಹಾಕುವ ಜಾಯಮಾನ ಅವರದಲ್ಲ. ಉಳಿದದ್ದನ್ನು ಬೇರೆ ಗಾಡಿಯವರು ಕೇಳಿದರೂ ಕೊಡುತ್ತಿರಲಿಲ್ಲ, ಸೋಪು ಮಾಡುವವರಿಗೆ ಹಾಕುತ್ತಿದ್ದರು. ಅದನ್ನೂ ನಿಲ್ಲಿಸಿದವಳು ನಾನು. ಯಲಹಂಕದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದೇನೆ ಎಂಬ ಜಂಬದಲ್ಲಿ, ಈ ಎಣ್ಣೆಯಿಂದಲೇ ನಿಮ್ಮ ಗೂಡ್ಸ್ ಆಟೋಗೆ ಡೀಸೆಲ್ ಮಾಡಿಕೊಡುತ್ತೇನೆ ಅಂದುಬಿಟ್ಟಿದ್ದೆ. ಆಮೇಲೆ ಎರಡು ವರ್ಷ ನಾಳೆ ನಾಳೆ ಅಂದೆ. ಅಪ್ಪ ಒಮ್ಮೆಯೂ ನೆನಪಿಸಲಿಲ್ಲ. ಹಿತ್ತಲಲ್ಲಿ ಎಣ್ಣೆ ಡಬ್ಬಗಳ ಸಾಲು ಮಾತ್ರ ಬೆಳೆಯುತ್ತಾ ಹೋಯಿತು.

ಫೆಬ್ರವರಿಯಲ್ಲಿ ಅವರು ಹೋದರು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ನನಗೆ ಮಾತು ಉಳಿಸಿಕೊಳ್ಳುವ ಆವೇಶ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮೆಥನಾಲು, ಕಾಸ್ಟಿಕ್ ಸೋಡ ಬೆರೆಸಿ, ತಳಕ್ಕಿಳಿದ ಗ್ಲಿಸರಿನ್ ತೆಗೆದು, ಮೊದಲ ಐದು ಲೀಟರು ಬಯೋಡೀಸೆಲ್ ಅಪ್ಪನ ಆಟೋಗೆ ಸುರಿದೆ. ಎಂಜಿನ್ ಹತ್ತಿತು. ಹೊಗೆಯಲ್ಲಿ ಬಂದದ್ದು ಡೀಸೆಲ್ ವಾಸನೆಯಲ್ಲ, ಕರಿಯುತ್ತಿರುವ ಬೋಂಡದ ಘಮ.

ಪಕ್ಕದ ಮನೆ ಮುನಿಕೃಷ್ಣಮ್ಮ ಕಾಂಪೌಂಡಿನಾಚೆಯಿಂದ, ಪುಟ್ಟಣ್ಣ ಬಂದರಾ ಎಂದು ಕೇಳಿ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಅಮ್ಮ ಚಟ್ನಿ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಅಂದಿನಿಂದ ದಿನಾ ನಾಲ್ಕಕ್ಕೆ ಎಂಜಿನ್ ಹಚ್ಚು ಅನ್ನುವುದು, ಹೊಗೆ ಕೊಳವೆಯ ಪಕ್ಕ ಮಣೆ ಹಾಕಿಕೊಂಡು ಕೂರುವುದು. ಕರೆದರೆ ಊಟಕ್ಕಿಲ್ಲ, ಮಾತಿಗಿಲ್ಲ. ಹದಿನೈದು ದಿನದಲ್ಲಿ ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದಳು. ನನಗೆ ಹೆದರಿಕೆಯಾಯಿತು. ಅಪ್ಪನ ಹಿಂದೆ ಇವಳೂ ಹೊರಟುಬಿಟ್ಟರೆ ನನಗೆ ಯಾರೂ ಇಲ್ಲ.

ಆ ವಾಸನೆ ಹೋಗಬೇಕು, ಹೋದರೆ ಅಮ್ಮ ಎದ್ದು ಒಳಗೆ ಬರುತ್ತಾಳೆ ಎಂದು ಲೆಕ್ಕ ಹಾಕಿದೆ. ಅದಕ್ಕೆ ಮರದ ಫಿಲ್ಟರು. ಒಣಗಿದ ಮರದ ಸುರುಳಿಗಳ ನಡುವೆ ಬಯೋಡೀಸೆಲ್ ನಿಧಾನ ಇಳಿದರೆ ಅದರಲ್ಲಿ ಉಳಿದ ಸೋಪು, ಅಂಟು, ಜಿಡ್ಡುವಾಸನೆಯನ್ನೆಲ್ಲ ಮರವೇ ಹಿಡಿದುಕೊಳ್ಳುತ್ತದೆ. ತಗಡಿನ ಡ್ರಮ್ಮಿನ ತಳಕ್ಕೆ ಜಾಲರಿ ಕೂರಿಸಿ, ಹಳೇ ಪಂಚೆ ಹಾಸಿ, ಕೆಳಗೆ ನಲ್ಲಿ ಜೋಡಿಸಿದೆ. ಸುರುಳಿ ತಂದದ್ದು ಕೊಡಿಗೇಹಳ್ಳಿಯ ಬಡಗಿ ಹಬೀಬುಲ್ಲಾ ಅವರಲ್ಲಿ. ಹತ್ತರಿ ಹೊಡೆದಾಗ ಉದುರುವ ತೆಳು ಸಿಪ್ಪೆ ಕೊಡಿ, ಪುಡಿ ಬೇಡ ಅಂದೆ. ಮೂಟೆ ಕಟ್ಟಿಕೊಡುತ್ತಾ ಅವರು, ಕೆಲಸ ಆದ ದಿನವೇ ಬಿಡಿಸಿ ಹರಡಿಬಿಡಮ್ಮ, ಎಣ್ಣೆ ಕುಡಿದ ಮರ ಒಟ್ಟಿಗಿದ್ದರೆ ತಾನಾಗೇ ಹೊತ್ತಿಕೊಳ್ಳುತ್ತದೆ ಎಂದು ಎಚ್ಚರಿಸಿದರು. ನನಗೇ ಕೆಮಿಸ್ಟ್ರಿ ಹೇಳಲು ಬಂದರಲ್ಲ ಎಂದು ನಗು ಬಂತು.

ಫಿಲ್ಟರು ಚೆನ್ನಾಗಿಯೇ ಕೆಲಸ ಮಾಡಿತು. ಮೇಲಿಂದ ಮಬ್ಬಾಗಿ ಸುರಿದದ್ದು ಕೆಳಗೆ ತಿಳಿ ಜೇನಿನ ಹಾಗೆ ಹನಿಯಿತು. ಆಟೋ ಹಚ್ಚಿದರೆ ಘಮದ ಸುಳಿವಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದಳು, ಮಣೆ ಎತ್ತಿಕೊಂಡು ಒಳಗೆ ಬಂದಳು, ಅರ್ಧ ಮುದ್ದೆ ಉಂಡಳು. ನಾನು ಗೆದ್ದೆ ಅಂದುಕೊಂಡೆ. ಇನ್ನೂ ಮೂರು ಡಬ್ಬ ಸೋಸಬೇಕಲ್ಲ ಎಂಬ ಸೋಮಾರಿತನಕ್ಕೆ ಸುರುಳಿಯನ್ನು ಡ್ರಮ್ಮಿನಲ್ಲೇ ಬಿಟ್ಟೆ.

ಮರುದಿನ ಕಾಲೇಜಿನಿಂದ ಬಂದಾಗ ಅಮ್ಮ ಹಿತ್ತಲಲ್ಲಿ ಎರಡೂ ಅಂಗೈ ಡ್ರಮ್ಮಿಗೆ ಒತ್ತಿ ನಿಂತಿದ್ದಳು. ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಎಣ್ಣೆ ಬಸಿದ ಮರಕ್ಕೆ ಗಾಳಿ ತಾಗಿದೆ, ಅಷ್ಟೇ ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಾನು ಲ್ಯಾಬಿನಿಂದ ಥರ್ಮಾಮೀಟರ್ ತಂದು ಸುರುಳಿಯೊಳಗೆ ಇಳಿಬಿಟ್ಟೆ. ಬೆಳಿಗ್ಗೆ ಇಪ್ಪತ್ತೇಳು ಡಿಗ್ರಿ. ನಾಲ್ಕಕ್ಕೆ ನಲವತ್ತೆಂಟು. ಎಂಟಕ್ಕೆ ಮತ್ತೆ ಇಪ್ಪತ್ತೇಳು. ನಾಲ್ಕು ದಿನವೂ ಹಾಗೇ. ಓದಿದ ಪ್ರಕಾರ ಅದು ಏರುತ್ತಾ ಹೋಗಬೇಕು, ಇಲ್ಲವೇ ಆರಬೇಕು. ಹೊತ್ತು ನೋಡಿಕೊಂಡು ಕೆಲಸಕ್ಕೆ ಬರಬಾರದು.

ಐದನೇ ದಿನ ನಾಲ್ಕೂವರೆಗೆ ಎಂಬತ್ತು ದಾಟಿತು. ಸುರುಳಿಯ ನಡುವಿನಿಂದ ಹೊಗೆಯ ಒಂದು ಎಳೆ ಎದ್ದಿತು. ಪಕ್ಕದಲ್ಲೇ ಗ್ಯಾಸ್ ಸಿಲಿಂಡರು, ಎಣ್ಣೆ ಡಬ್ಬಗಳು. ನಾನು ಬಕೆಟ್ಟು ಎತ್ತಿದೆ. ಅಮ್ಮ ಅಡ್ಡ ನಿಂತಳು.

"ಅಮ್ಮ, ಸರಿ ಆಚೆ. ಹೊತ್ಕೊಳ್ಳುತ್ತೆ."

"ಜೀವಮಾನ ಎಲ್ಲ ಒಲೆ ಮುಂದೆ ನಿಂತಿದ್ದ ಮನುಷ್ಯನ್ನ ಫ್ರೀಜರ್ ಬಾಕ್ಸಲ್ಲಿ ಇಟ್ಟೆ ಕಣೇ ನೀನು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಕೊನೇಲಿ ಕೈ ಹಿಡ್ಕೊಂಡ್ರೆ ಐಸಾಗಿದ್ರು. ಈಗ ತಾನೆ ಬೆಚ್ಚಗಾಗ್ತಾ ಇದಾರೆ. ಇನ್ನೊಂದು ಗಳಿಗೆ ಬಿಡು."

ಹೌದು, ಇಟ್ಟಿದ್ದೆ. ಮೈಸೂರಿನ ಅತ್ತೆ ಬಂದು ಮುಖ ನೋಡಲಿ ಎಂದು ಒಂದು ರಾತ್ರಿ. ಎಲ್ಲರೂ ಮಾಡುವುದೇ ಅದು. ನನ್ನ ಮನಸ್ಸಿಗೆ ಅದು ಈವರೆಗೆ ಚುಚ್ಚಿರಲಿಲ್ಲ. ಆದರೂ ಅಮ್ಮನನ್ನು ಭುಜ ಹಿಡಿದು ಸರಿಸಿ ನೀರು ಸುರಿದೆ. ಚೊಯ್ ಎಂದು ಆವಿ ಎದ್ದಿತು. ಇನ್ನೊಂದು ಬಕೆಟ್ಟು, ಮತ್ತೊಂದು. ಹಬೆಯೊಳಗೆ ಕರಿದ ಈರುಳ್ಳಿಯ ಘಮ ಒಂದು ಕ್ಷಣ ದಟ್ಟವಾಗಿ ಬಂದು ಇಲ್ಲವಾಯಿತು. ಅಮ್ಮ ಅಳಲಿಲ್ಲ. ಒಳಗೆ ಹೋದಳು.

ಆ ಸಂಜೆಯಿಂದ ಅವಳ ಕೈ ತಣ್ಣಗಿದೆ. ಡಾಕ್ಟರು ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ವಯಸ್ಸು ಅಂದರು. ನಾನು ತಡೆಯಲಾರದೆ ಅಂಗೈಗೆ ಲ್ಯಾಬಿನ ಥರ್ಮಾಮೀಟರ್ ಹಿಡಿದೆ. ಇಪ್ಪತ್ತೇಳು. ಕೊಬ್ಬರಿ ಎಣ್ಣೆ ತಿಕ್ಕಿದೆ, ಬಿಸಿನೀರಲ್ಲಿ ಅದ್ದಿಸಿದೆ, ನನ್ನ ಕೈಯೊಳಗೆ ಗಂಟೆಗಟ್ಟಲೆ ಹಿಡಿದು ಕೂತೆ. ನನ್ನ ಕೈಯೇ ತಣ್ಣಗಾಯಿತು. ಹಾಕಿದ್ದನ್ನು ಉಣ್ಣುತ್ತಾಳೆ, ಕೂರು ಅಂದರೆ ಕೂರುತ್ತಾಳೆ, ನನ್ನನ್ನು ಏನೂ ಕೇಳುವುದಿಲ್ಲ. ಬೆಂಕಿಯಿಂದ ಉಳಿಸಿಕೊಂಡೆ ಎಂದು ಬೀಗುತ್ತಿದ್ದವಳು ನಾನು.

ಹತ್ತು ದಿನ ತಡೆದುಕೊಂಡೆ. ಹನ್ನೊಂದನೇ ದಿನ ಹಬೀಬುಲ್ಲಾ ಅವರ ಹತ್ತಿರ ಹೋಗಿ ಇನ್ನೊಂದು ಮೂಟೆ ಕೇಳಿದೆ. ಹಳೇದನ್ನು ಹರಡಿದೆಯಾ ಎಂದು ಕೇಳಿದರು. ಹೂಂ ಅಂದೆ. ಡ್ರಮ್ಮನ್ನು ಸಿಲಿಂಡರಿನಿಂದ ದೂರ, ತೆಂಗಿನ ಮರದ ಬುಡಕ್ಕೆ ಎಳೆದೆ. ಮಾಡಬಾರದು ಎಂದು ಗೊತ್ತಿದ್ದೂ ಸುರುಳಿಯನ್ನು ಒತ್ತಿ ಒತ್ತಿ ತುಂಬಿದೆ. ಅಪ್ಪನ ಎಣ್ಣೆ ಇಳಿಸಿ, ಬಸಿದು, ಮುಚ್ಚಳ ಅರ್ಧ ತೆರೆದಿಟ್ಟೆ. ಪಕ್ಕದಲ್ಲಿ ನಾಲ್ಕು ಬಿಂದಿಗೆ ನೀರೂ ಇಟ್ಟಿದ್ದೆ. ಅಷ್ಟು ಬುದ್ಧಿ ಇನ್ನೂ ಉಳಿದಿತ್ತು.

ಮರುದಿನ, ಗುರುವಾರ, ನಾಲ್ಕಕ್ಕೆ ನಾನೇ ಅಮ್ಮನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ವಿಮಾನ ಗುಯ್‌ಗುಡುತ್ತಾ ದಾಟಿತು. ಅದರ ಸದ್ದು ಅಡಗಿದ ಮೇಲೆ ಅಮ್ಮ ನನ್ನ ಅಂಗೈಯನ್ನು ಡ್ರಮ್ಮಿಗೆ ಒತ್ತಿ, ಅದರ ಮೇಲೆ ತನ್ನ ಕೈ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಕೈ ಬೆಚ್ಚಗಾಯಿತು. "ಬಂದ್ಳು ನೋಡಿ," ಅಂದಳು, ನನಗಲ್ಲ.

ತಗಡಿನ ಒಳಗಿಂದ ಯಾರೋ ನನ್ನ ಅಂಗೈಗೆ ಅಂಗೈ ಕೊಟ್ಟು ಮೆಲ್ಲಗೆ ಒತ್ತಿದರು. ನಾನು ಕೈ ತೆಗೆಯಲಿಲ್ಲ.