ಕಟ್ಟಿದ ಕಾಲು

“ಬಿಚ್ಚೋ ಅದನ್ನ,” ಎಂದಳು ಅಕ್ಕ, ಹಾಸಿಗೆಯಲ್ಲಿ ಮಲಗಿಕೊಂಡೇ.

ಅವಳ ತಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ, ಎಡಗಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ ಆಗಷ್ಟೇ ಕುಳಿತಿದ್ದ. ತೊಡೆಯಿಂದ ಮೀನಖಂಡದವರೆಗೆ ನೀಲಿ ಪಟ್ಟಿಗಳ ಬಿಗಿ ಕಟ್ಟು. ಮಂಡಿ ಮಡಚುವ ಹಾಗಿಲ್ಲ, ಪಾದ ಊರುವ ಹಾಗಿಲ್ಲ. ಕಾಲು ಉಳುಕಿಸಿಕೊಂಡಿದ್ದಾನೆ ಎಂದು ಅಕ್ಕ ಇಷ್ಟು ದಿನ ಮರುಗಿದ್ದಳು. “ಕೆಲಸದ ಜಾಗದಲ್ಲಿ ಕಟ್ಟಿದ್ರು” ಎಂದು ಅವನು ಹೇಳಿದ್ದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇವತ್ತು ಅವನು ಸ್ನಾನದ ಮನೆಯಲ್ಲಿದ್ದಾಗ ಅವನ ಪ್ರಯೋಗಾಲಯದ ಸಹಾಯಕಿ ಫೋನ್ ಮಾಡಿದಳು. “ಸರ್ ಕಾಲಿನ ಪ್ರಯೋಗ ಇನ್ನೆರಡು ದಿನದಲ್ಲಿ ಮುಗಿಯುತ್ತೆ ಮೇಡಂ, ಅಲ್ಲೀವರೆಗೂ ಕಾಲು ಊರದ ಹಾಗೆ ನೋಡ್ಕೊಳ್ಳಿ” ಎಂದು ಪಾಪ, ಅಕ್ಕನಿಗೇ ಹೇಳಿಬಿಟ್ಟಳು. ಗುಟ್ಟು ರಟ್ಟಾಯಿತು.

“ಚೆನ್ನಾಗಿರೋ ಕಾಲನ್ನ ಯಾವನಾದ್ರೂ ಕಟ್ಟಿಹಾಕ್ಕೊಳ್ತಾನೇನೋ? ತಲೆಗಿಲೆ ಕೆಟ್ಟಿದೆಯಾ ನಿಂಗೆ?”

“ಬೇರೆಯವರ ಕಾಲು ಕಟ್ಟೋಕೆ ಮುಂಚೆ ನನ್ನದು ಕಟ್ಟಿ ನೋಡ್ಬೇಕಲ್ಲ ಅಕ್ಕ. ಸುಮ್ಮನಿಟ್ಟ ಕಾಲಲ್ಲಿ ಸ್ನಾಯು ಹ್ಯಾಗೆ ಕರಗುತ್ತೆ ಅಂತ ನೋಡೋದು.”

“ನಿನ್ನ ಕಾಲಲ್ಲಿ ಕರಗೋಕೆ ಏನಿದೆ ಗುಂಡ?”

ಹುಟ್ಟಿದಾಗ ದುಂಡಗಿದ್ದನೆಂದು ಅವಳೇ ಇಟ್ಟ ಹೆಸರು. ಐವತ್ತೆಂಟರಲ್ಲಿ ಅವನ ಮೈಮೇಲೆ ದುಂಡಗೆ ಉಳಿದಿದ್ದು ಕನ್ನಡಕ ಮಾತ್ರ.

ಅವನ ಇಡೀ ಸಂಶೋಧನೆ ಒಂದೇ ವಿಷಯದ ಸುತ್ತ ತಿರುಗುತ್ತಿತ್ತು. ಸ್ನಾಯುವಿನೊಳಗೆ ಪ್ರೋಟೀನು ಕಟ್ಟುವ ಕೆಲಸವೂ ಒಡೆಯುವ ಕೆಲಸವೂ ಒಟ್ಟೊಟ್ಟಿಗೇ ನಡೆಯುತ್ತವೆ. ಹಳತಾದದ್ದಕ್ಕೆ ಜೀವಕೋಶವೇ ಒಂದು ಗುರುತು ಅಂಟಿಸುತ್ತದೆ. ಗುರುತು ಬಿದ್ದದ್ದು ಚೂರುಚೂರಾಗುತ್ತದೆ, ಆ ಚೂರುಗಳು ಹೊಸದು ಕಟ್ಟಲು ಒದಗುತ್ತವೆ. ಬೆಳೆಯುವ ಮಗುವಿನ ಕಾಲಲ್ಲೂ ಇದೇ ಕೆಲಸ. ಆದರೆ ಕಾಯಿಲೆ ಬಿದ್ದಾಗ, ಕಾಲು ಸುಮ್ಮನೆ ಬಿದ್ದುಕೊಂಡಾಗ, ಒಡೆಯುವ ಕೈ ಮೇಲಾಗುತ್ತದೆ. ಇದರ ಅಚ್ಚುಕಟ್ಟು ಕಂಡು ಅವನು ಎಷ್ಟೋ ಸಲ ಮಗುವಿನ ಹಾಗೆ ಖುಷಿಪಟ್ಟಿದ್ದ. ಅದೇ ಕೆಲಸ ಅಕ್ಕನ ಕಾಲಲ್ಲಿ ಶುರುವಾದಾಗ ಅವನಿಗೆ ಹೆದರಿಕೆಯಾಯಿತು.

ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದ ಅಕ್ಕ ವಾಸಿಯಾಗಿ ಮನೆಗೆ ಬಂದಿದ್ದಳು. ಬಂದವಳು ಹಾಸಿಗೆ ಬಿಡಲೊಲ್ಲಳು. ಹಿಡಿದು ಎಬ್ಬಿಸಿದರೆ ಬಚ್ಚಲಿಗೆ ಹೋಗಿ ಬರುತ್ತಿದ್ದಳು, ಅಷ್ಟೇ. ಈಗ ಕಾಲೂರದಿದ್ದರೆ ಮುಂದೆ ಏಳುವ ಮಾತೇ ಇಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಅವನು ಬೇಡಿಕೊಂಡ, ಗದರಿದ, ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದ. ತಂದುಕೊಟ್ಟ ವಾಕರಿನ ಮೇಲೆ ಟವೆಲ್ ಒಣಗುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ದೀಪ ಹಚ್ಚುವವರೆಗೂ ನಿಂತು ಅವನನ್ನು ಓದಿಸಿದ ಕಾಲುಗಳವು. “ಜೀವಮಾನವಿಡೀ ನಿಂತೇ ಇದ್ದೆ ಕಣೋ, ಇನ್ನಾದ್ರೂ ಮಲಗೋಕೆ ಬಿಡು” ಎಂದು ಅವಳು ಅನ್ನುತ್ತಿದ್ದಳು.

“ಬಿಚ್ತೀಯೋ ಇಲ್ವೋ?”

“ಈಗ ಬಿಚ್ಚಿದ್ರೆ ಇಷ್ಟು ದಿನದ್ದೆಲ್ಲ ಮಣ್ಣುಪಾಲು, ಅಕ್ಕ.”

“ನೀನು ಬಿಚ್ಚದಿದ್ರೆ ನಾನೇ ಬಂದು ಬಿಚ್ತೀನಿ.”

ಬೇಡ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. “ಬಾ, ಬಿಚ್ಚು ನೋಡೋಣ” ಎಂದ.

ಸಿಟ್ಟು ಅಕ್ಕನನ್ನು ಎಬ್ಬಿಸಿ ಕೂರಿಸಿತು. ಕಾಲು ಕೆಳಗೆ ಬಿಟ್ಟಳು. ನೈಟಿಯ ಅಂಚಿನ ಕೆಳಗೆ ಮೀನಖಂಡ ಖಾಲಿ ಚೀಲದಂತೆ ಜೋತಿತ್ತು. ಮಂಚದ ಸರಳು ಹಿಡಿದು ನಿಂತಳು, ಉಸಿರು ತೆಗೆದುಕೊಂಡಳು, ಸರಳು ಬಿಟ್ಟು ನಡುವಿನ ಮೇಜಿನತ್ತ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಮಂಡಿ ಕುಸಿಯಿತು. ಅವನು ದಡಕ್ಕನೆ ಏಳಹೋದ. ಕಟ್ಟಿದ ಕಾಲು ಏಳಗೊಡಲಿಲ್ಲ, ಕೈ ತಗುಲಿ ಊರುಗೋಲು ದಬ್ಬನೆ ಉರುಳಿತು. ಅವಳು ಬಿದ್ದರೆ ಹಿಡಿಯಲು ತನ್ನಿಂದಾಗದು ಎಂದು ಹೊಳೆಯಿತು. ಎಂಥ ಮೂರ್ಖ ಕೆಲಸ ಮಾಡಿದೆ ಎನಿಸಿತು.

ಅಕ್ಕ ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಕೂತ್ಕೋ! ನೀನೂ ಬಿದ್ರೆ ಎತ್ತೋರು ಯಾರು?”

ಮೇಜನ್ನೇ ಹಿಡಿದು ಹಿಡಿದು ಬಂದಳು. ಒಂದು ಕೈಯನ್ನು ಅವನ ಭುಜದ ಮೇಲೆ ಊರಿ, ಇನ್ನೊಂದರಿಂದ ಪಟ್ಟಿಗಳನ್ನು ಪರ್ರೆಂದು ಕಿತ್ತಳು. ಅವನು ತಡೆಯಲಿಲ್ಲ. ಸಹಾಯಕಿಗೆ ಏನು ಹೇಳುವುದೆಂದು ಯೋಚಿಸಿದ. ಬಲಗಾಲು ಇದೆಯಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದರಾಯಿತು ಎಂದುಕೊಂಡ.

ಕಟ್ಟು ಕಳಚಿ ಬಿತ್ತು. ಅವಳು ಚಡ್ಡಿಯ ಕೆಳಗೆ ಎಡತೊಡೆಯನ್ನು ಒತ್ತಿ ನೋಡಿದಳು, ಆಮೇಲೆ ಬಲತೊಡೆಯನ್ನು. ಬಟ್ಟೆಯ ದಪ್ಪ ನೋಡುವಂತೆ ಮತ್ತೆ ಎಡಕ್ಕೆ ಬಂದಳು. ಎಡದ್ದು ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಸಿಟ್ಟು ಎಲ್ಲಿ ಹೋಯಿತೋ.

“ಇಷ್ಟು ದಿನಕ್ಕೇ ಹೀಗಾಯ್ತಾ?”

“ಹೂಂ.”

“ಮತ್ತೆ ತುಂಬ್ಕೊಳ್ಳುತ್ತಾ?”

“ನಡೆದ್ರೆ ತುಂಬ್ಕೊಳ್ಳುತ್ತೆ.”

ಅವಳು ಕೈ ತೆಗೆಯಲಿಲ್ಲ. “ನಂದು?” ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಬೇರೆ ಯಾರಿಗಾದರೂ ಅಂಕಿ ಅಂಶ ಹೇಳಿ ಜಾರಿಕೊಳ್ಳುತ್ತಿದ್ದ. “ಪೂರ್ತಿ ಬರಲ್ಲ ಅಕ್ಕ. ಮನೆಯೊಳಗೆ ಓಡಾಡೋಷ್ಟು ಬರುತ್ತೆ. ದಿನಾ ನಡೆದ್ರೆ ಬೀದಿ ತುದಿಯವರೆಗೂ ಹೋಗಬಹುದು,” ಎಂದ.

“ಬೀದಿ ತುದಿಗೆ ಹೋಗಿ ನಾನೇನು ಮಾಡ್ಲಿ?” ಎಂದಳು ಅಕ್ಕ. ಬೈಗುಳದ ದನಿಯೇ, ಆದರೆ ಮೆತ್ತಗಾಗಿತ್ತು. ಹಾಸಿಗೆಯ ಕಡೆ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ಎರಡೂ ಹೆಚ್ಚುಕಡಿಮೆ ಒಂದೇ ದೂರ.

“ಏಳು. ಟೀ ಇಡೋಣ.”

ಅವನು ಎದ್ದ. ಇಷ್ಟು ದಿನ ಮಡಚದ ಮಂಡಿ ಕಿರುಗುಟ್ಟಿದಂತಾಗಿ ನೋಯಿತು, ಕಾಲು ತನ್ನದಲ್ಲವೇನೋ ಎನಿಸಿತು. ಅಕ್ಕ ತನ್ನ ಹೆಗಲು ಕೊಟ್ಟಳು. ಅವನು ಭಾರ ಹಾಕದೆ ಸುಮ್ಮನೆ ಕೈ ಇಟ್ಟ. ನಡುವೆ ಎರಡು ಸಲ ನಿಂತರು. ಒಮ್ಮೆ ಅವಳಿಗಾಗಿ, ಒಮ್ಮೆ ಅವನಿಗಾಗಿ.

ಅಡುಗೆ ಕಟ್ಟೆಗೆ ಸೊಂಟ ಆನಿಸಿ ಅಕ್ಕ ಒಲೆ ಹಚ್ಚಿದಳು. ಅವಳ ಮಂಡಿಗಳ ನಡುಕಕ್ಕೆ ನೈಟಿಯ ಅಂಚೂ ನಡುಗುತ್ತಿತ್ತು. ಅವನು ಕುರ್ಚಿ ಎಳೆಯಹೋದ. “ಬೇಡ ಬಿಡು,” ಎಂದಳು. ಅವನೂ ಅವಳ ಪಕ್ಕ ಕಟ್ಟೆಗೆ ಕೈ ಊರಿ ನಿಂತ. ಟೀ ಕುದಿಯುವವರೆಗೂ ಇಬ್ಬರೂ ಕೂರಲಿಲ್ಲ.