ಇಮಾಂಬಿ ಹೊಲಿದ ಗವಸು

ನಾನು ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಈಗ ಹೊಟ್ಟೆಯಲ್ಲಿ ಏನೂ ಇಲ್ಲ. ಇದ್ದಾಗಲೂ ಇದ್ದದ್ದು ಆರು ಕಿಲೋ ಪುಡಿ, ಅದನ್ನು ಹೊರಗೆ ದೂಡುವಷ್ಟು ಗಾಳಿ, ಅಷ್ಟೇ. ನಾನು ಹುಟ್ಟಿದ ಶೆಡ್ಡಿನಲ್ಲಿ ಅದೇ ದಿನ ನನ್ನಂಥವರು ಇನ್ನೂರು ಮಂದಿ ಹುಟ್ಟಿದರು. ತಗಡು ಬಾಗಿಸಿದರು, ಬೆಸೆದರು, ಬಣ್ಣ ಬಳಿದರು, ಕೊರಳಿಗೆ ಒಂದು ಪುಟ್ಟ ಮಾಪಕ ಕೂರಿಸಿದರು. ಮುಳ್ಳು ಹಸಿರು ಗೆರೆಯ ಮೇಲೆ ನಿಂತಿತು. ಚೀಟಿ ಅಂಟಿಸಿ ಲಾರಿಗೆ ಹಾಕಿದರು.

ನಾನು ಬಂದು ಸೇರಿದ್ದು ಗದಗಿನಲ್ಲಿ ಗುರಪ್ಪ ಹೊಂಬಳ ಎಂಬುವರ ಗಾದಿ ಕಾರ್ಖಾನೆಗೆ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ. ಆ ತುದಿಗೆ ಹತ್ತಿ ಹಿಂಜುವ ಯಂತ್ರ, ನಡುವೆ ಹಿಂಜಿದ ಹತ್ತಿಯ ರಾಶಿ, ಈ ತುದಿಗೆ ಬಾಗಿಲ ಬಳಿ ಗಾದಿ ಹೊಲಿಯುವ ಜಾಗ. ಯಂತ್ರದ ಮುಂದೆ ದಾವಲಸಾಬ, ಬಾಗಿಲ ಬಳಿ ಅವನ ಅಕ್ಕ ಇಮಾಂಬಿ. ತಂದೆ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ಕಸುಬಿಗೆ ಹಚ್ಚಿದವಳು ಅವಳೇ.

ನನ್ನನ್ನು ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಲು ಬಂದವನು ಮಾತುಗಾರ. ಎದೆಯೆತ್ತರಕ್ಕೆ ಕೊಕ್ಕೆ ಹೊಡೆದು, ಮುಂದೆ ಏನೂ ಒಟ್ಟಬಾರದು, ಓಡಿಬಂದವರ ಕೈಗೆ ಥಟ್ಟನೆ ಸಿಗಬೇಕು, ತಿಂಗಳಿಗೊಮ್ಮೆ ಮುಳ್ಳು ನೋಡಬೇಕು, ಪಿನ್ನು ಎಳೆದು ಹಿಡಿಕೆ ಒತ್ತಬೇಕು ಎಂದೆಲ್ಲ ಹೇಳಿದ. ಗುರಪ್ಪನವರು ಚಹಾ ಹೇಳಲು ಹೋದವರು ಮರಳಿ ಬರಲೇ ಇಲ್ಲ. ಪೂರ್ತಿ ಕೇಳಿದವಳು ಇಮಾಂಬಿ ಒಬ್ಬಳೇ. ಮತ್ತೊಮ್ಮೆ ತೋರಿಸು ಎಂದು ತೋರಿಸಿಕೊಂಡಳು.

ಹತ್ತಿಯ ಧೂಳು ಅಂದರೆ ಹುಡುಗಾಟವಲ್ಲ. ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ನನಗೆ ಬಿಳಿ ಗಡ್ಡ. ಇಮಾಂಬಿ ಕೆಲಸದ ನಡುವೆ ಎದ್ದೆದ್ದು ಒರೆಸುತ್ತಿದ್ದಳು. ಆಯುಧ ಪೂಜೆಯ ದಿನ ಯಂತ್ರಕ್ಕೆ ಹಾರ ಹಾಕಿದರು, ನನಗೂ ವಿಭೂತಿ ಬಳಿದರು. ಆಗ ಗುರಪ್ಪನವರು ನನ್ನ ಗಡ್ಡ ನೋಡಿ, ಹೊಸ ಸಾಮಾನು ಹಾಳಾಗುತ್ತಿದೆ ಎಂದು ಗೊಣಗಿದರು. ಇಮಾಂಬಿಗೆ ಆ ಮಾತು ಚುಚ್ಚಿತು. ಪಟ್ಟೆ ಪಟ್ಟೆಯ ಗಾದಿ ಬಟ್ಟೆ ಕತ್ತರಿಸಿ ನನಗೊಂದು ಗವಸು ಹೊಲಿದಳು. ತಮ್ಮ ನನ್ನನ್ನು ತೊಡೆಯ ಮೇಲೆ ಹಿಡಿದು ಕುಳಿತ. ಮುಳ್ಳು, ಪಿನ್ನು, ಹಿಡಿಕೆ ಎಲ್ಲ ಒಳಗೆ ಹೋದವು. ಕೊಕ್ಕೆಗೆ ಸಿಕ್ಕಿಸಲು ಬೆನ್ನಿಗೊಂದು ಬಟ್ಟೆಯ ಕುಣಿಕೆ ಇಟ್ಟು, ಕೊನೆಗೆ ದಬ್ಬಣ, ಹುರಿ ತೆಗೆದುಕೊಂಡು ಗವಸಿನ ಮೇಲಿನ ಬಾಯಿಯನ್ನೂ ಹೊಲಿದಳು. ಬಾಯಿ ಹೊಲಿಯದ ಗಾದಿ ಅವಳ ಕೈಯಿಂದ ಒಂದೂ ಹೊರಗೆ ಹೋದದ್ದಿಲ್ಲ. ಅವಳ ಹೊಲಿಗೆ ಬಿಚ್ಚಿಕೊಂಡಿತೆಂದು ವಾಪಸ್ ಬಂದದ್ದೂ ಇಲ್ಲ.

"ಗಾದಿ ಹರದ್ರೂ ನಿನ್ನ ಹೊಲಿಗಿ ಹರಿಯಾಂಗಿಲ್ಲ ಬಿಡ, ಅಕ್ಕಾ" ಎಂದು ದಾವಲಸಾಬ ನಕ್ಕ. ಅವಳಿಗೆ ಹೆಮ್ಮೆಯಾಯಿತು.

ಗವಸಿನೊಳಗೆ ಬೆಚ್ಚಗಿತ್ತು. ನಿಜ ಹೇಳುತ್ತೇನೆ, ನನಗೆ ಹಿಡಿಸಿತು. ಒರೆಸುವವರಿಲ್ಲ, ನೋಡುವವರಿಲ್ಲ. ಯಂತ್ರದ ಗುಂಯ್‌ ಸದ್ದು ಕೇಳುತ್ತ ತಿಂಗಳುಗಳು ಹೋದವು. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು.

ಮದುವೆಗಳ ಕಾಲ. ಯಾರದೋ ಮನೆಯ ಹಳೆಯ ಗಾದಿ ಬಿಚ್ಚಿ ಅದರ ಹತ್ತಿಯನ್ನು ಮತ್ತೆ ಹಿಂಜಲು ಹಾಕಿದ್ದರು. ಒಳಗೊಂದು ಮೊಳೆ ಇತ್ತಂತೆ, ಯಂತ್ರದ ಹಲ್ಲಿಗೆ ಸಿಕ್ಕಿ ಕಿಡಿ ಹಾರಿತಂತೆ. ಇದೆಲ್ಲ ಆಮೇಲೆ ತಿಳಿದದ್ದು. ನನಗೆ ಕೇಳಿಸಿದ್ದು ದಾವಲಸಾಬನ ದನಿ.

"ಅಕ್ಕಾ, ಸಿಲಿಂಡರ್ ತಗೊಂಡ್ ಬಾ. ಅಲ್ಲೀತನಾ ನಾ ತಡೀತೀನಿ."

ಯಂತ್ರದ ಬಾಯಿಂದ ಉರಿಯುವ ಹತ್ತಿಯನ್ನು ಅವನು ಕೈಯಿಂದಲೇ ಎಳೆದೆಳೆದು ತುಳಿಯುತ್ತಿದ್ದ. ರಾಶಿಗೆ ಬೆಂಕಿ ಹತ್ತಿದರೆ ಕಾರ್ಖಾನೆ ಉಳಿಯುವುದಿಲ್ಲ. ಅಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು, ಈಗ ಬಂದಾಳು ಎಂದು ನಂಬಿದ್ದ.

ಇಮಾಂಬಿ ನನ್ನನ್ನು ಕೊಕ್ಕೆಯಿಂದ ಇಳಿಸಿದಳು. ಅಲ್ಲಿಗೆ ಅವಳ ಕೈ ನಿಂತುಬಿಟ್ಟಿತು. ಹಳೆಯ ಗಾದಿ ಬಿಚ್ಚಲು ಒಯ್ದಿದ್ದ ಕತ್ತರಿ ಬೆಂಕಿಯ ಆಚೆ ಇತ್ತು. ಬಟ್ಟೆ ಜಗ್ಗಿದಳು, ಬರಲಿಲ್ಲ. ದಬ್ಬಣ ತೂರಿಸಿ ಎತ್ತಿದಳು, ಹುರಿ ಜಗ್ಗಲಿಲ್ಲ. ನೆಲಕ್ಕೆ ಕುಳಿತು ಒಂದೊಂದೇ ಹೊಲಿಗೆಯನ್ನು ಹಲ್ಲಿನಿಂದ ಕಚ್ಚತೊಡಗಿದಳು. ತಮ್ಮ ಇನ್ನೊಂದು ಸಲ ಅಕ್ಕಾ ಎಂದ. ಆಮೇಲೆ ಕರೆಯಲಿಲ್ಲ.

ಕೊನೆಗೂ ಗವಸು ಕೊರಳ ತನಕ ಕೆಳಗೆ ಸರಿಯಿತು. ಕಲಿಸಿದಂತೆಯೇ ಪಿನ್ನು ಎಳೆದಳು, ಹಿಡಿಕೆ ಒತ್ತಿದಳು. ನನ್ನಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಒಂದು ಚೊಂಬು ನೀರು ಕುಡಿದು ಮುಗಿಸುವಷ್ಟರಲ್ಲಿ ಬೆಂಕಿ ಆರಿತು. ರಾಶಿ ಉಳಿಯಿತು. ಗುರಪ್ಪನವರು ಓಡಿಬಂದು ನನಗೇ ಕೈ ಮುಗಿದರು. ದಾವಲಸಾಬ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದ. ನನಗೆ ಆಗ ಏನೂ ಅನಿಸಲಿಲ್ಲ. ಖಾಲಿಯಾಗಿದ್ದೆ.

ಕಾರ್ಖಾನೆಗೆ ಹೊಸ ಸಿಲಿಂಡರ್ ಬಂತು. ಅದನ್ನು ಬರಿಮೈಯಲ್ಲೇ ಬಾಗಿಲ ಪಕ್ಕ ತೂಗುಹಾಕಿದರು. ಇಮಾಂಬಿ ನನ್ನನ್ನು ಕೇಳಿ ಪಡೆದು ಮನೆಗೆ ತಂದಳು. ಈಗಲೂ ಅವಳು ಗಾದಿ ಹೊಲಿಯುತ್ತಾಳೆ, ಅಷ್ಟೇ ಗಟ್ಟಿಯಾಗಿ. ಸಡಿಲ ಹೊಲಿಗೆಯ ಗಾದಿ ಯಾರು ಕೊಳ್ಳುತ್ತಾರೆ?

ನಾನು ಅವಳ ಮನೆಯ ಕದದ ಹಿಂದಿದ್ದೇನೆ. ಧೂಳು ಹಿಡಿದರೆ ಹಿಡಿಯಲಿ ಎಂದು ಅಲ್ಲೇ ಗೋಡೆಯ ಮೇಲೆ ಬರಿಮೈಯಲ್ಲಿ ಇದ್ದಿದ್ದರೆ ಸಾಕಿತ್ತು. ನನ್ನನ್ನು ಅಷ್ಟು ಜೋಪಾನ ಮಾಡಬಾರದಿತ್ತು. ಕೊರಳಲ್ಲಿ ಹಿಡಿಕೆಯ ಕೆಳಗೆ ಪಟ್ಟೆ ಬಟ್ಟೆಯ ಚೂರೊಂದು ಇನ್ನೂ ಉಳಿದಿದೆ, ಅದರಲ್ಲಿ ಒಂದು ಹೊಲಿಗೆ. ದಾವಲಸಾಬ ದಿನಾ ಮಧ್ಯಾಹ್ನ ನನ್ನ ಮುಂದೆ ಕೂರುತ್ತಾನೆ. ಮಡಿಚಿಕೊಂಡೇ ಉಳಿದ ಬೆರಳುಗಳಿಂದ ಆ ಹುರಿಯನ್ನು ಕೆದಕುತ್ತಾನೆ. ಒಂದು ದಿನ ಇಮಾಂಬಿ ಕತ್ತರಿ ತಂದು ಅವನ ಮುಂದಿಟ್ಟಳು. ಅವನು ಅದನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದ.

"ಇರ್ಲಿ ಬಿಡ, ಅಕ್ಕಾ. ಬೆರಳಿಗೆ ಏನಾರ ಕೆಲಸ ಕೊಡು ಅಂದಾರ ಡಾಕ್ಟರು."

ಅವಳು ಕತ್ತರಿ ಎತ್ತಿಕೊಂಡು ಒಳಗೆ ಹೋದಳು. ಅದಾಗಿ ಮೂರು ವರ್ಷ. ಹೊಲಿಗೆ ಇನ್ನೂ ಬಿಟ್ಟಿಲ್ಲ.