ಗುಂಡಿ ಡಬ್ಬಿ

ಶವಪೆಟ್ಟಿಗೆಯ ಮೇಲೆ ಹೂಗುಚ್ಛ ಇಡಲು ಬಗ್ಗಿದ ಸೂಪರ್‌ವೈಸರನ ಮುಂಗೈಯನ್ನು ಸತ್ತವಳ ಮಗಳು ಗಬಕ್ಕನೆ ಹಿಡಿದುಕೊಂಡಳು.

"ಅದನ್ನ ವಾಪಸ್ ತಗೊಂಡು ಹೋಗಿ. ನಮ್ಮಮ್ಮನ ಮೇಲೆ ಇಡಬೇಡಿ."

"ಆಯ್ತು, ಆಯ್ತು" ಎಂದ ಆತ. ಅದು ಅವನ ಬಾಯಿಪಾಠ. ಅಮ್ಮ ಕೆಲಸ ಮಾಡುತ್ತಿದ್ದ ಲಾಂಡ್ರಿಯ ಹೆಂಗಸರು ಬೆನ್ನ ಹಿಂದೆ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು. ಸೊಂಟನೋವು ಎಂದರೂ ಆಯ್ತು, ಜ್ವರ ಎಂದರೂ ಆಯ್ತು; ಮೇಜಿನ ಡ್ರಾಯರ್ ಎಳೆದು ಎರಡು ಮಾತ್ರೆ ಅಂಗೈಗೆ ಹಾಕಿದರೆ ಮಹಾರಾಯನ ಕರ್ತವ್ಯ ಮುಗಿಯಿತು. ರಜೆ ಕೇಳಿದವರಿಗೂ ಅವನು ಕೊಡುತ್ತಿದ್ದುದು ಮಾತ್ರೆಯನ್ನೇ.

ಸೋದರಮಾವ ಬಂದು ಅವಳ ಕೈ ಬಿಡಿಸಿದ. ಈ ಹೊತ್ತಿನಲ್ಲಿ ಜಗಳ ಬೇಡಮ್ಮ, ಅವಳ ಆಯಸ್ಸು ಇದ್ದದ್ದೇ ಅಷ್ಟು ಎಂದ. ಬೆಳಗಿನಿಂದ ಬಂದವರೆಲ್ಲ ಹೇಳಿದ್ದೂ ಇದೇ. ಆಯಸ್ಸಂತೆ ಆಯಸ್ಸು! ಒದ್ದೆ ಬೆಡ್‌ಶೀಟುಗಳ ಮೂಟೆಯನ್ನು ಒಬ್ಬಳೇ ಎತ್ತುತ್ತಿದ್ದ ಐವತ್ತೆರಡರ ಗಟ್ಟಿಗಿತ್ತಿ ಹನ್ನೊಂದೇ ದಿನದಲ್ಲಿ ಕಣ್ಣೆಲ್ಲ ಹಳದಿಯಾಗಿ, ಹೆತ್ತ ಮಗಳ ಗುರುತೂ ಹತ್ತದೆ ಹೋದಳಲ್ಲ, ಅದಕ್ಕೆ ಆಯಸ್ಸು ಎನ್ನುತ್ತಾರೆಯೇ? ಮಗಳಿಗೆ ಬೇಕಾದದ್ದು ಇಷ್ಟೇ: ಅಮ್ಮನನ್ನು ಮಣ್ಣಿಗೆ ಇಳಿಸುವ ಮುಂಚೆ, ಎಲ್ಲರ ಎದುರಿಗೆ, ಈ ಮನುಷ್ಯ ತನ್ನ ತಪ್ಪು ಒಪ್ಪಿಕೊಳ್ಳಬೇಕು.

"ನಿಮ್ಮ ಡ್ರಾಯರ್ ಮಾತ್ರೆಯಿಂದ ಅಮ್ಮನ ಲಿವರ್ ಹೋಯ್ತು. ಹೇಳಿ ಅದನ್ನ. ಇವರೆಲ್ಲ ಕೇಳಲಿ."

ಆತ ಹೂಗುಚ್ಛವನ್ನು ಎದೆಗೆ ಅವುಚಿಕೊಂಡೇ ಸುತ್ತ ನೋಡಿದ.

"ಜ್ವರ, ಸೊಂಟನೋವು ಅಂದ್ರು, ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು ಕೊಟ್ಟೆ. ಎಲ್ಲಾ ಅಂಗಡೀಲೂ ಸಿಗೋ ಮಾತ್ರೆ. ನಾಲ್ಕು ತಗೊಂಡ್ರೆ ಯಾರಮ್ಮ ಸಾಯ್ತಾರೆ? ಮನೇಲಿ ಇನ್ನೇನು ತಗೊಂಡ್ರೋ ನಂಗೇನು ಗೊತ್ತು?"

ಮಗಳು ಅವನ ಮುಖದಿಂದ ಕಣ್ಣು ಕಿತ್ತು ಗೋಡೆಯಲ್ಲಿದ್ದ ಅಮ್ಮನ ಕೈಚೀಲದ ಕಡೆ ನೋಡಿದಳು. ಅಷ್ಟರಲ್ಲಿ ಪೆಟ್ಟಿಗೆ ಎತ್ತುವವರು ಒಳಗೆ ಬಂದರು.

* * *

ಅಮ್ಮನ ಕೈಚೀಲದಲ್ಲಿ ಯಾವಾಗಲೂ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಇಸ್ತ್ರಿಗೆ ಬರುವ ದಿಂಬಿನ ಚೀಲಗಳಿಂದ ಉದುರಿದ ಗುಂಡಿಗಳನ್ನು ಅದರಲ್ಲಿ ಹಾಕಿಡುತ್ತಿದ್ದಳು. ವರ್ಷ ಕಳೆದಂತೆ ಗುಂಡಿಗಳ ಪಕ್ಕದಲ್ಲಿ ಮಾತ್ರೆಗಳೂ ಸೇರಿಕೊಂಡವು. ಸ್ಟ್ರಿಪ್ಪಿನ ಹಾಳೆ ಸಮೇತ ಇಟ್ಟರೆ ಮುಚ್ಚಳ ಕೂರುವುದಿಲ್ಲವೆಂದು ಎಲ್ಲವನ್ನೂ ಬಿಡಿಸಿ ಹಾಕಿ, ಹೆಸರಿದ್ದ ಹಾಳೆಯನ್ನು ಕಸಕ್ಕೆ ಎಸೆಯುತ್ತಿದ್ದಳು. ದಪ್ಪಗಿರುವುದು ಸೊಂಟಕ್ಕೆ, ಉದ್ದಗಿರುವುದು ಜ್ವರಕ್ಕೆ, ನಡುವೆ ಗೀಟು ಇರುವುದು ತಲೆನೋವಿಗೆ. ಇಡೀ ಲಾಂಡ್ರಿ ಶೆಡ್ಡಿಗೆ ಅವಳೇ ಡಾಕ್ಟ್ರಮ್ಮ. ಹೆಸರು ಕೇಳಿದರೆ, "ಹೆಸರು ಕಟ್ಕೊಂಡು ಏನ್ ಮಾಡ್ತೀಯೇ, ನೋವು ಹೋದ್ರೆ ಸಾಲ್ದಾ?" ಎಂದು ನಗುತ್ತಿದ್ದಳು.

ಆ ವಾರ ಅವಳಿಗೇ ಜ್ವರ ಬಂತು. ಇಸ್ತ್ರಿಯವರು ಇಬ್ಬರು ಮೊದಲೇ ಕಾಯಿಲೆ ಬಿದ್ದು ಮಲಗಿದ್ದರಿಂದ ಆಯ್ತಪ್ಪ ರಜೆ ಕೊಡಲಿಲ್ಲ. ಐದು ದಿನ, ಊಟ ಸೇರದೆ ಬರೀ ಚಹಾ ಕುಡಿದುಕೊಂಡು, ಕಾದ ಇಸ್ತ್ರಿ ರೋಲರಿನ ಮುಂದೆ ನಿಂತಳು. ಅವನು ಕೊಟ್ಟದ್ದನ್ನು ನುಂಗಿದಳು. ಸಂಜೆ ಬಸ್ಸಿಗೆ ನಡೆಯಲು ಕಾಲು ಬರಲೆಂದು ಡಬ್ಬಿಯಿಂದ ಇನ್ನೆರಡು ನುಂಗಿದಳು.

ಮನೆಯಲ್ಲಿ ಮಗಳು ಕಾದಿರುತ್ತಿದ್ದಳು. ಅಂಗಡಿಯಿಂದ ಜ್ವರದ್ದೊಂದು, ನೆಗಡಿಯದ್ದೊಂದು ಮಾತ್ರೆ ತಂದು, ಬೆಳಿಗ್ಗೆ ಸಂಜೆ ಎರಡನ್ನೂ ತಾನೇ ಬಾಯಿಗೆ ಹಾಕಿ ನೀರು ಕುಡಿಸಿದಳು. ಮಲಗುವ ಮುಂಚೆ ಮತ್ತೊಮ್ಮೆ. ಐದನೆಯ ದಿನ ಅಮ್ಮ ವಾಂತಿ ಮಾಡಿಕೊಂಡಾಗ, ಮಾತ್ರೆಯೂ ಹೊರಗೆ ಬಂದಿರಬೇಕೆಂದು ಇನ್ನೊಂದು ಕೊಟ್ಟಳು. ಎರಡು ದಿನ ಬಿಟ್ಟು ಕಣ್ಣು ಹಳದಿಯಾದ ಮೇಲೆಯೇ ಆಸ್ಪತ್ರೆಗೆ ಓಡಿದ್ದು.

ಆಸ್ಪತ್ರೆಯ ಡಾಕ್ಟರು ಡ್ರಾಯರಿನದು, ಮನೆಯದು, ಡಬ್ಬಿಯಲ್ಲಿದ್ದಂಥದು ಎಂದು ಎಲ್ಲ ಬಗೆಯ ಮಾತ್ರೆಗಳ ಹಾಳೆಗಳನ್ನೂ ಅಂಗಡಿಯಿಂದ ತರಿಸಿ ಸಾಲಾಗಿ ಇಟ್ಟುಕೊಂಡರು. ಒಂದೊಂದರ ಮೇಲೂ ಇರುವೆಯಷ್ಟು ಸಣ್ಣ ಅಕ್ಷರದ ಕೆಳಗೆ ಪೆನ್ನಿನಿಂದ ಗೆರೆ ಎಳೆದರು.

"ಹೆಸರು ಬೇರೆಬೇರೆ, ಒಳಗಿರೋದು ಒಂದೇ ಔಷಧಿ. ಪ್ಯಾರಸಿಟಮಾಲ್. ಅಳತೆ ಮೀರದೆ ತಗೊಂಡ್ರೆ ಒಳ್ಳೇದೇ. ಇವರಿಗೆ ಎಲ್ಲಾ ಸೇರಿ ದಿನಕ್ಕೆ ಹೆಚ್ಚುಕಮ್ಮಿ ಅಳತೆಯ ಎರಡರಷ್ಟಾಗಿದೆ, ಅದೂ ಊಟ ಇಲ್ಲದೆ, ಐದು ದಿನ. ವಾಂತಿ ಶುರುವಾದಾಗಲೇ ಕರ್ಕೊಂಡು ಬಂದಿದ್ರೆ ಅದಕ್ಕೂ ಮದ್ದಿತ್ತು."

* * *

ಮಣ್ಣು ಮಾಡಿ ಬಂದು ಎಲ್ಲರೂ ಆ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಕೂತರು. ಲಾಂಡ್ರಿಯ ಹೆಂಗಸರು ನೀಲಿ ಕೋಟಿನಲ್ಲೇ ಬಂದಿದ್ದರು. ಎರಡು ಗಂಟೆಯ ಪಾಳಿಗೆ ಹೋಗಬೇಕಿತ್ತು. ಸೂಪರ್‌ವೈಸರ್ ಬಾಗಿಲ ಹತ್ತಿರ ನಿಂತು, ಯಾರಿಗೂ ಕಾಣದಂತೆ ವಾಚು ನೋಡಿಕೊಳ್ಳುತ್ತಿದ್ದ. ಕಾಣದೇ ಏನು, ಎಲ್ಲರಿಗೂ ಕಂಡಿತು.

ಬಟ್ಟೆ ಮಡಿಸುವವಳು ಅತ್ತೂ ಅತ್ತೂ ಹಣೆ ಒತ್ತಿಕೊಂಡು, ತಲೆ ಸಿಡೀತಿದೆ ಎಂದಳು. ಪಕ್ಕದಲ್ಲಿ ಕೂತಿದ್ದ ಇಸ್ತ್ರಿಯವಳು ಇಷ್ಟು ವರ್ಷದ ರೂಢಿಯಂತೆ ಗೋಡೆಯಲ್ಲಿ ನೇತಾಡುತ್ತಿದ್ದ ಅಮ್ಮನ ಕೈಚೀಲಕ್ಕೆ ಕೈ ಹಾಕಿದಳು. ಡಬ್ಬಿ ತೆರೆದು ಎರಡು ಮಾತ್ರೆ ಅವಳ ಅಂಗೈಗೆ ಹಾಕಿದಳು. ಬಾಗಿಲ ಬಳಿಯಿಂದ ಸೂಪರ್‌ವೈಸರ್ ನೀರಿನ ಲೋಟ ಚಾಚಿದ.

ಮಗಳು ಎದ್ದು ಬಂದು ಆ ಅಂಗೈಯನ್ನು ಮುಚ್ಚಿ ಹಿಡಿದಳು.

"ಯಾವ ಮಾತ್ರೆ ಅಕ್ಕಾ ಇದು?"

"ತಲೆನೋವಿಂದು ಕಣಮ್ಮ. ಗೀಟು ಇರೋದು."

"ಹೆಸರೇನು? ಹೆಸರು ಹೇಳಿ, ಆಮೇಲೆ ನುಂಗಿ."

ಬಟ್ಟೆ ಮಡಿಸುವವಳು ಇಸ್ತ್ರಿಯವಳ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

"ಬೆಳಿಗ್ಗೆ ಏನಾದ್ರೂ ತಗೊಂಡಿದ್ರಾ?"

"ಸೊಂಟ ಹಿಡ್ಕೊಂಡಿತ್ತು. ಬರೋವಾಗ ಬಸ್ಸಲ್ಲಿ ಸಾರ್ ಎರಡು ಕೊಟ್ರು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಆತ ಚಾಚಿದ್ದ ಲೋಟವನ್ನು ಹಿಂದಕ್ಕೆ ಎಳೆದುಕೊಂಡ. ಬೆಳಗಿನಿಂದ ಅವನ ಬಾಯಿಂದ ಹೊರಡಿಸಬೇಕೆಂದಿದ್ದ ಮಾತು ಅವಳ ಬಾಯಿಂದಲೇ ಬಂತು.

"ಅಮ್ಮಂಗೆ ನಾನೂ ಕೊಟ್ಟೆ. ಐದು ದಿನ, ನನ್ನ ಕೈಯಾರೆ. ಬೇರೆ ಏನು ತಗೊಂಡಿದ್ದೀಯಮ್ಮ ಅಂತ ಒಂದು ಮಾತು ಕೇಳಲಿಲ್ಲ. ಇವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಯಸ್ಸು ಅಂತ ಮಾತ್ರ ಇನ್ನೊಂದು ಸಲ ಯಾರೂ ಹೇಳಬೇಡಿ."

ಸೋದರಮಾವ ತಲೆ ತಗ್ಗಿಸಿದ. ಅವಳು ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಗುಂಡಿಗಳೂ ಮಾತ್ರೆಗಳೂ ಬೆರೆತು ಚೆಲ್ಲಾಪಿಲ್ಲಿಯಾದವು. ಎಲ್ಲವೂ ಬಿಳಿ.

"ಆರಿಸಿ" ಎಂದಳು ಸೂಪರ್‌ವೈಸರನಿಗೆ. "ಯಾವುದು ಯಾವುದಕ್ಕೆ ಅಂತ ಹೇಳಿ. ಇಷ್ಟು ವರ್ಷ ಕೊಟ್ಟಿದ್ದೀರಲ್ಲ."

ಕೆಳಗೆ ಲಾಂಡ್ರಿಯ ಬಸ್ಸು ಹಾರ್ನ್ ಹೊಡೆಯಿತು. ನೀಲಿ ಕೋಟಿನವರು ಒಬ್ಬರೂ ಏಳಲಿಲ್ಲ. ಆತ ಲೋಟ ಕೆಳಗಿಟ್ಟು, ಮೊಣಕಾಲೂರಿ ಕೂತು, ದುಂಡಗಿನದೊಂದನ್ನು ಎತ್ತಿಕೊಂಡ. ಕನ್ನಡಕ ಹಣೆಗೇರಿಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ನಡುವೆ ದಾರ ಹೋಗುವ ತೂತು ಇದೆಯೇ ಎಂದು ಹುಡುಕತೊಡಗಿದ.